ಓದಿದ್ದೇನೆ, ಒಪ್ಪಿದ್ದೇನೆ

ಜೂನ್ ೪

ಚೂಟಿಗೆ,

ನಿನ್ನ ಕಾಗದ ಬಂತು. ಮನೆ ಬಿಟ್ಟ ಮೇಲೆ ನೀನು ಬರೆದ ಮೊದಲ ಕಾಗದ, ಅದೂ ನಾಲ್ಕೇ ಸಾಲು. "ನಮ್ಮ ಸರ್ಕಸ್ಸಿನ ಈ ಸೀಸನ್ನಿನ ಕೊನೆಯ ಪ್ರದರ್ಶನ ನಿಮ್ಮ ಊರಿನಲ್ಲಿದೆ. ಮನಸ್ಸಿದ್ದರೆ ಬನ್ನಿ. ಟಿಕೆಟ್ ಆನ್‌ಲೈನಿನಲ್ಲಿ ಸಿಗುತ್ತದೆ." ನಿಮ್ಮ ಊರಂತೆ! ಯಾವಾಗಿನಿಂದ ಅದು ಬರೀ ನಮ್ಮದಾಯಿತೋ. ಇರಲಿ. ಫೋನ್ ಮಾಡೋಣವೆಂದುಕೊಂಡೆ. ಆದರೆ ಫೋನಿನಲ್ಲಿ ನಾವಿಬ್ಬರೂ ಹಲೋ ಮುಗಿಯುವ ಮುಂಚೆಯೇ ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ಒಬ್ಬರು ಹೇಳಿ ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು.

ಬರುವ ಮನಸ್ಸಿದೆ. ಟಿಕೆಟ್ ಇಲ್ಲ.

ತಿಂಡಿಯನ್ನೂ ತಿನ್ನದೆ ಕಂಪ್ಯೂಟರಿನ ಮುಂದೆ ಕೂತೆ. ದಿನ ಆರಿಸಿದೆ, ಕುರ್ಚಿ ಆರಿಸಿದೆ, ಎಲ್ಲ ನೀರು ಕುಡಿದಷ್ಟು ಸುಲಭ. ಕೊನೆಗೆ ಒಂದು ಪುಟ್ಟ ಚೌಕ ಬಂತು. ಪಕ್ಕದಲ್ಲಿ, "ಷರತ್ತುಗಳನ್ನೆಲ್ಲ ಓದಿದ್ದೇನೆ, ಅಪಾಯಗಳನ್ನು ಅರಿತಿದ್ದೇನೆ, ಒಪ್ಪಿದ್ದೇನೆ." ಅಲ್ಲಿ ಟಿಕ್ ಹಾಕಬೇಕು. ಓದದೆ ಓದಿದ್ದೇನೆ ಎನ್ನಲು ನನಗೆ ಬರುವುದಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದತೊಡಗಿದೆ. "ಬೀಳುವ, ಹಾರುವ, ಉರುಳುವ ಅಥವಾ ಇನ್ನಾವುದೇ ರೀತಿಯಲ್ಲಿ ಚಲಿಸುವ ವಸ್ತುಗಳಿಂದ ಆಗುವ ಗಾಯ, ಅಂಗವೈಕಲ್ಯ, ಸಾವು ಇತ್ಯಾದಿಗಳಿಗೆ ಪ್ರೇಕ್ಷಕರೇ ಹೊಣೆ." ಸಾವು ಇತ್ಯಾದಿ ಅಂತೆ! ಸಾವು ಆದಮೇಲೆ ಇನ್ನೇನು ಬಾಕಿ ಇರುತ್ತದೆ ಇತ್ಯಾದಿ? ಯಾವ ವಸ್ತು ಬೀಳುತ್ತದೆ, ಎಷ್ಟು ಎತ್ತರದಿಂದ, ಯಾವ ಕುರ್ಚಿಯ ಮೇಲೆ ಎಂಬ ವಿವರ ಎಳ್ಳಷ್ಟೂ ಇಲ್ಲ. ಅರ್ಧ ಓದುವಷ್ಟರಲ್ಲಿ "ನಿಮ್ಮ ಸಮಯ ಮುಗಿದಿದೆ" ಎಂದು ಹೇಳಿ ಪುಟ ನನ್ನನ್ನು ಹೊರಗೆ ದಬ್ಬಿತು. ಮತ್ತೆ ಹೋದೆ. ಮತ್ತೆ ದಬ್ಬಿತು. ಓದಿದ್ದೇನೆ ಎಂದು ಹೇಳಿಸಿಕೊಳ್ಳುವವರು ಓದಲು ಹೊತ್ತು ಕೊಡಬೇಡವೇ?

ನಾನು ಲಿಫ್ಟ್ ತಪಾಸಣೆಯ ಕೆಲಸದಲ್ಲಿ ತಲೆ ಹಣ್ಣಾದವನು. ಲಿಫ್ಟಿಗೆ ನಾನು ಸಹಿ ಹಾಕುತ್ತಿದ್ದದ್ದು ಹತ್ತುವವರು ನಿಶ್ಚಿಂತೆಯಿಂದ ಹತ್ತಲಿ ಎಂದು. ಇಲ್ಲಿ ಹತ್ತುವವನಿಂದಲೇ ಸಹಿ ಹಾಕಿಸಿಕೊಂಡು ತಾವು ನಿಶ್ಚಿಂತೆಯಿಂದ ಇರುತ್ತಾರೆ.

ನಿನ್ನ ಅತ್ತೆ ಪಕ್ಕದಲ್ಲಿ ನಿಂತು, "ಅಯ್ಯೋ, ಒಂದು ಟಿಕ್ಕಿಗೆ ಇಷ್ಟೊಂದು ಒದ್ದಾಡ್ತೀಯಲ್ಲೋ! ನಾನು ಕಣ್ಣುಮುಚ್ಚಿಕೊಂಡು ಒತ್ತಿಬಿಡ್ತೀನಿ" ಎಂದಳು. ನಿಜ, ಹೋದ ವಾರ ಹಾಗೇ ಒತ್ತಿದಳು. ಮಣ್ಣಿನ ಪಾತ್ರೆಗಳ ಪ್ರದರ್ಶನವೆಂದುಕೊಂಡು ಅವಳು ತೆಗೆದುಕೊಂಡದ್ದು ಕೆಸರಿನಲ್ಲಿ ಓಡುವ ಸ್ಪರ್ಧೆಯ ಟಿಕೆಟ್ಟು. ಓಡುವವರ ಸಾಲಿನಲ್ಲಿ. ಹಣ ವಾಪಸ್ ಕೊಡುವುದಿಲ್ಲವೆಂದು ಅದೇ ಷರತ್ತಿನಲ್ಲಿದೆ.

ನಿನ್ನ
ಅಪ್ಪ

ಜೂನ್ ೧೨

ಅಪ್ಪನಿಗೆ,

ಟಿಕ್ ಹಾಕಿ. ಯಾರೂ ಓದುವುದಿಲ್ಲ. ಬರೆದವರೂ ಓದಿರುವುದಿಲ್ಲ. ಪ್ರೇಕ್ಷಕರ ಮೇಲೆ ಇದುವರೆಗೆ ಹಾರಿ ಬಿದ್ದದ್ದು ಒಂದೇ ಒಂದು ವಸ್ತು, ನಮ್ಮ ಮಾಲೀಕರ ಟೋಪಿ.

ಬರುವುದಾದರೆ ಈ ಸಲವೇ ಬನ್ನಿ. ಮುಂದಿನ ಸೀಸನ್ನಿನಲ್ಲಿ ನನ್ನ ಚಾಕು ಎಸೆಯುವ ಆಟ ಇರುತ್ತದೋ ಇಲ್ಲವೋ. ಹಲಗೆಯ ಮುಂದೆ ನಿಲ್ಲುತ್ತಿದ್ದ ನನ್ನ ಜೊತೆಗಾರ ಮದುವೆಯಾದ. "ಇನ್ನು ಮೇಲೆ ನನ್ನೆದುರು ನಿಂತರೆ ಸಾಕು" ಎಂದಳಂತೆ ಅವನ ಹೆಂಡತಿ. ಅವನ ಜಾಗಕ್ಕೆ ಯಾರೂ ಸಿಗಲಿಲ್ಲ. ಮಾಲೀಕರಿಗೆ ಒಂದು ಭಾರಿ ಉಪಾಯ ಹೊಳೆಯಿತು. ಆ ಜಾಗವನ್ನೇ ಮಾರಾಟಕ್ಕಿಟ್ಟರು. "ಧೈರ್ಯದ ಟಿಕೆಟ್" ಎಂದು ಹೆಸರು. ಕೊಂಡವರು ವೇದಿಕೆ ಹತ್ತಿ ಹಲಗೆಗೆ ಬೆನ್ನು ಕೊಟ್ಟು ನಿಲ್ಲಬಹುದು, ನಾನು ಸುತ್ತಲೂ ಚಾಕು ಎಸೆಯುತ್ತೇನೆ.

ಕೊಳ್ಳುವವರಿಗೇನೂ ಬರವಿಲ್ಲ. ಎಲ್ಲರೂ ಓದದೆ ಟಿಕ್ ಹಾಕಿ ಹಲ್ಲು ಕಿರಿಯುತ್ತಾ ಬರುತ್ತಾರೆ. ಆದರೆ ಎಸೆಯುವ ಮುಂಚೆ ಷರತ್ತನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಬೇಕೆಂಬ ನಿಯಮವಿದೆ. ಓದಿ ಮುಗಿಸುವ ಮುಂಚೆಯೇ ಕಾಲಿಗೆ ಬುದ್ಧಿ ಹೇಳುತ್ತಾರೆ. ಹೋದ ವಾರ ಜಿಮ್ ಮಾಸ್ತರನೊಬ್ಬ ಹಲಗೆಯನ್ನೇ ಬೆನ್ನಿಗೆ ಅಂಟಿಸಿಕೊಂಡವನಂತೆ ಎಳೆದುಕೊಂಡು ಓಡಿದ. ಜನ ಬಿದ್ದು ಬಿದ್ದು ನಕ್ಕರು. ನಾನು ಕೈಯಲ್ಲಿ ಚಾಕು ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದೆ.

ಕೊನೆಯ ಪ್ರದರ್ಶನದಲ್ಲೂ ಹೀಗಾದರೆ ಆಟ ಬಂದ್ ಎಂದು ಮಾಲೀಕರು ಮುಖಕ್ಕೆ ಹೊಡೆದಂತೆ ಹೇಳಿದ್ದಾರೆ. ನನ್ನ ಬದಲಿಗೆ ಕೂಡುವ ಕಳೆಯುವ ಲೆಕ್ಕ ಮಾಡುವ ಮೇಕೆಯೊಂದನ್ನು ನೋಡಿ ಬಂದಿದ್ದಾರಂತೆ. ಮೇಕೆಗೆ ಯಾರೂ ಹೆದರುವುದಿಲ್ಲ ನೋಡಿ.

ನಿಮಗೆ ಇದರಿಂದ ಸಂತೋಷವಾಗಬಹುದು. "ಯಾರಿಗಾದರೂ ತಗುಲಿದರೆ ಹೊಣೆ ಯಾರು?" ಎಂದು ನಾನು ಹೊರಟ ದಿನ ಬಾಗಿಲಲ್ಲಿ ನಿಂತು ಕೇಳಿದ್ದಿರಿ. "ನೀವಂತೂ ಅಲ್ಲ" ಎಂದು ಹೇಳಿ ಬಂದಿದ್ದೆ. ಈಗ ನೋಡಿ, ತಗುಲಿಸಿಕೊಳ್ಳಲೂ ಜನವಿಲ್ಲ.

ಚೂಟಿ

ಜೂನ್ ೧೫

ಟಿಕೆಟ್ ಕಂಪನಿಯ ವ್ಯವಸ್ಥಾಪಕರಿಗೆ,

ಮಾನ್ಯರೇ, ನಾನು ನಿವೃತ್ತ ಲಿಫ್ಟ್ ತಪಾಸಣಾಧಿಕಾರಿ. ತಮ್ಮ ಷರತ್ತುಗಳ ಬಗ್ಗೆ ಕೆಲವು ಸಂದೇಹಗಳಿವೆ. "ಚಲಿಸುವ ವಸ್ತು" ಎಂಬುದರಲ್ಲಿ ಪಕ್ಕದ ಕುರ್ಚಿಯವರು ಸೇರುತ್ತಾರೆಯೇ? "ಅಪಾಯಗಳನ್ನು ಅರಿತಿದ್ದೇನೆ" ಎನ್ನಬೇಕಾದರೆ ಅವು ಯಾವುವೆಂದು ಯಾರಾದರೂ ಹೇಳಬೇಕಲ್ಲವೇ? "ಅತಿಯಾದ ನಗುವಿನಿಂದ ಆಗುವ ತೊಂದರೆಗೂ ಪ್ರೇಕ್ಷಕರೇ ಹೊಣೆ" ಎಂದಿದ್ದೀರಿ. ತಮ್ಮ ಷರತ್ತು ಓದಿಯೇ ನನ್ನ ಅಕ್ಕನಿಗೆ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದೆ. ಇದಕ್ಕೆ ಯಾರು ಹೊಣೆ? ಮತ್ತು ದಯವಿಟ್ಟು ನನ್ನನ್ನು ಪುಟದಿಂದ ಹೊರಗೆ ದಬ್ಬಬೇಡಿ. ವಯಸ್ಸಾದವನು, ನಿಧಾನವಾಗಿ ಓದುತ್ತೇನೆ.

ತಮ್ಮ ವಿಶ್ವಾಸಿ,
ಟಿಕೆಟ್ ಸಿಗದ ಗ್ರಾಹಕ

ಜೂನ್ ೧೭

ಮಾನ್ಯ ಗ್ರಾಹಕರೇ,

ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸುತ್ತೇವೆ.

ಸ್ವಾಮೀ, ಮೇಲಿನದು ಯಂತ್ರ ಬರೆದದ್ದು. ಇದು ನಾನು, ನಿಜವಾದ ಮನುಷ್ಯ, ಗ್ರಾಹಕರ ವಿಭಾಗದ ಗುಮಾಸ್ತ. ನಾನು ಇಲ್ಲಿಗೆ ಸೇರಿದ ಮೇಲೆ ಷರತ್ತು ಓದಿ ಪತ್ರ ಬರೆದವರು ನೀವೊಬ್ಬರೇ. ನಾವೆಲ್ಲ ಸುತ್ತ ಕೂತು ನಿಮ್ಮ ಪತ್ರ ಓದಿದೆವು, ಆಮೇಲೆ ಮೊದಲ ಸಲ ನಮ್ಮ ಷರತ್ತನ್ನೂ ಓದಿದೆವು. ನಮಗೂ ಏನೂ ಗೊತ್ತಾಗಲಿಲ್ಲ. ಆ ಪ್ರದರ್ಶನಕ್ಕೆ ಅಪಾಯಗಳನ್ನು ಬಿಡಿಬಿಡಿಯಾಗಿ ಬರೆದಿರುವ ಟಿಕೆಟ್ ಒಂದೇ ಒಂದು ಇದೆ. ಆದರೆ ಅದು ಕುರ್ಚಿಯದಲ್ಲ, ಧೈರ್ಯದ ಟಿಕೆಟ್. ಅದು ನಿಮಗೆ ಬೇಡ ಬಿಡಿ. ನಿಮ್ಮ ಪುಟ ಮುಚ್ಚದ ಹಾಗೆ ನಾನೇ ತೆರೆದಿಟ್ಟಿದ್ದೇನೆ. ನಿಧಾನವಾಗಿ ಓದಿ.

ಗುಮಾಸ್ತ

ಜೂನ್ ೨೮

ಚೂಟಿಗೆ,

ಟಿಕೆಟ್ ಸಿಕ್ಕಿತು. ಷರತ್ತು ಪೂರ್ತಿ ಓದಿದೆ, ಒಂದಕ್ಷರ ಬಿಡದೆ. ಈ ಟಿಕೆಟ್ಟಿನ ಷರತ್ತು ಬರೆದವನು ಮರ್ಯಾದಸ್ಥ. ಯಾವ ವಸ್ತು, ಎಷ್ಟು ತೂಕ, ಯಾವ ಕಡೆಯಿಂದ ಬರುತ್ತದೆ, ಎಲ್ಲ ಬಿಡಿಸಿ ಹೇಳಿದ್ದಾನೆ. ಇತ್ಯಾದಿ ಎಂಬ ಮಾತೇ ಇಲ್ಲ. ಮನಸ್ಸಿಗೆ ಸಮಾಧಾನವಾಗಿ ಟಿಕ್ ಹಾಕಿದೆ. ಅತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಯಾವ ಟಿಕೆಟ್ಟೆಂದು ಅವಳಿಗೆ ಹೇಳಿಲ್ಲ.

ಜಾಗ ಚೆನ್ನಾಗಿದೆ. ತುಂಬಾ ಹತ್ತಿರ. ನಿನ್ನ ಮುಖ ಸ್ಪಷ್ಟವಾಗಿ ಕಾಣುತ್ತದೆ. ನಿಂತೇ ನೋಡಬೇಕು, ಅದೊಂದು ತೊಂದರೆ.

ಅತ್ತೆ ಕೆಸರಿನಲ್ಲಿ ಓಡಿ ಬಂದಳು. ಬಟ್ಟೆಯ ಬಣ್ಣ ಗೊತ್ತಾಗಲಿಲ್ಲ, ಕೊರಳಲ್ಲಿ ಒಂದು ಪದಕ ಮಾತ್ರ ಗೊತ್ತಾಯಿತು. ಮುಂದಿನ ಓಟಕ್ಕೂ ಒತ್ತಿದ್ದಾಳೆ.

ನಿನ್ನ
ಅಪ್ಪ

ಜುಲೈ ೬

ಅಪ್ಪಾ,

ನಿನಗೇನು ತಲೆಗಿಲೆ ಕೆಟ್ಟಿದೆಯಾ?

ಈವತ್ತು ಬೆಳಗ್ಗೆ ಮಾಲೀಕರು ಕುಣಿಯುತ್ತಾ ಬಂದು ಧೈರ್ಯದ ಟಿಕೆಟ್ ಮಾರಾಟವಾಯಿತು ಎಂದರು. ಯಾರೋ ನಿವೃತ್ತ ಲಿಫ್ಟ್ ತಪಾಸಣಾಧಿಕಾರಿಯಂತೆ. "ಜಾಗ ಚೆನ್ನಾಗಿದೆ, ನಿಂತೇ ನೋಡಬೇಕು" ಅಂತ ಬರೆಯುತ್ತೀಯಲ್ಲ, ನಾನು ಪೆದ್ದಿ, ಹಿಂದಿನ ಸಾಲಿನಲ್ಲಿ ನಿಲ್ಲುವ ಟಿಕೆಟ್ಟು ಅಂದುಕೊಂಡಿದ್ದೆ! ಕುರ್ಚಿಯ ಟಿಕೆಟ್ಟಿಗೆ ಅಪಾಯ ಅಂತ ಹೆದರಿಕೊಂಡು ಹೋಗಿ ಹೋಗಿ ಚಾಕುವಿನ ಟಿಕೆಟ್ಟು ತೆಗೆದುಕೊಳ್ಳುವವರು ಈ ಭೂಮಿಯ ಮೇಲೆ ನೀನೊಬ್ಬನೇ.

ಬೇಡ ಅಪ್ಪ. ಬೇರೆಯವರು ನಿಂತರೆ ನನಗೆ ಕಾಣುವುದು ಹಲಗೆ. ನೀನು ನಿಂತರೆ ನೀನೇ ಕಾಣುತ್ತೀಯ. ನನ್ನ ಕೈ ನಡುಗುತ್ತದೆ. ಚಿಕ್ಕವಳಾಗಿದ್ದಾಗ ಸಾಮಾನಿನ ಕೋಣೆಯ ಬಾಗಿಲಿಗೆ ಅಡಿಗೆಮನೆ ಚಾಕು ಎಸೆಯುತ್ತಿದ್ದೆನಲ್ಲ, ನಿನ್ನ ಹೆಜ್ಜೆ ಸದ್ದು ಕೇಳಿದ ಕೂಡಲೇ ಗುರಿ ತಪ್ಪುತ್ತಿತ್ತು. ಆ ತೂತುಗಳಿಗೆಲ್ಲ ನೀನು ಪುಟ್ಟಿ ಮೆತ್ತಿ ಬಣ್ಣ ಬಳಿದುಬಿಟ್ಟೆ ಅಂತ ಅತ್ತೆ ಹೇಳಿದ್ದಳು. ಅವತ್ತು ನಾನು ತುಂಬ ಅತ್ತುಬಿಟ್ಟೆ. ಈಗ ಹೇಳುತ್ತಿದ್ದೇನೆ.

ಆಟ ಹೋದರೆ ಹೋಗಲಿ. ಮೇಕೆ ಬರಲಿ. ಟಿಕೆಟ್ ರದ್ದು ಮಾಡು.

ಚೂಟಿ

ಜುಲೈ ೧೧

ಚೂಟಿಗೆ,

ರದ್ದು ಮಾಡಲು ಬರುವುದಿಲ್ಲ. ಷರತ್ತಿನಲ್ಲೇ ಇದೆ. ನೀನು ಓದಿಲ್ಲ.

ಕೇಳು. ಹೊಸ ಲಿಫ್ಟ್ ಹಾಕಿದಾಗ ಮೊದಲು ಮರಳಿನ ಮೂಟೆ ತುಂಬಿ ಮೇಲೆ ಕೆಳಗೆ ಓಡಿಸಿ ನೋಡುತ್ತೇವೆ. ಅಷ್ಟಕ್ಕೇ ಸಹಿ ಹಾಕುವವರಿದ್ದರು. ನಾನು ಹಾಕುತ್ತಿರಲಿಲ್ಲ. ಮರಳಿನ ಮೂಟೆಗೆ ಹೆಂಡತಿ ಮಕ್ಕಳಿಲ್ಲ, ಅದಕ್ಕೆ ಏನು ಗೊತ್ತಾಗುತ್ತದೆ? ಮೂಟೆ ಇಳಿಸಿ ನಾನೇ ಒಳಗೆ ಹೋಗಿ ನಿಲ್ಲುತ್ತಿದ್ದೆ. ಮೇಲಿನ ಯಂತ್ರದ ಕೋಣೆಯಲ್ಲಿ ಮೆಕ್ಯಾನಿಕ್ಕಿನ ಕೈ ಖಂಡಿತ ನಡುಗುತ್ತಿತ್ತು, ಕೆಳಗೆ ಅಧಿಕಾರಿ ನಿಂತಿದ್ದಾನಲ್ಲ. ನಾನು ಕೆಳಗಿನಿಂದ ಗಂಟಲು ಕಿತ್ತು ಬರುವ ಹಾಗೆ ಕೂಗುತ್ತಿದ್ದೆ, "ಬಿಡಪ್ಪಾ, ನಾನು ನಿಂತಿದ್ದೀನಿ!" ಅದು ಅವನಿಗೆ ಧೈರ್ಯ ಹೇಳಿದ್ದು. ಸ್ವಲ್ಪ ನನಗೂ ಹೇಳಿಕೊಂಡದ್ದು.

ನಿನ್ನ ಆಟವನ್ನು ಒಂದು ದಿನವೂ ನೋಡದೆ ಬೇಡ ಎಂದುಬಿಟ್ಟೆ. ಹತ್ತದ ಲಿಫ್ಟಿನ ಬಗ್ಗೆ ನಾನು ಅಭಿಪ್ರಾಯ ಬರೆದದ್ದು ಅದೊಂದೇ ಸಲ. ಅದಕ್ಕೇ ಬರುತ್ತಿದ್ದೇನೆ. ನಿನ್ನ ಕೈ ನಡುಗಿದರೆ ಎಸೆಯಬೇಡ, ಅಲ್ಲೇ ಹೇಳು, ಇಳಿದು ಬಂದು ನಿನ್ನ ಪಕ್ಕ ನಿಲ್ಲುತ್ತೇನೆ. ಓಡಿಹೋಗುವುದಿಲ್ಲ. ನನ್ನ ಮಂಡಿಯ ನೋವಿಗೆ ಓಡಲು ಆಗುವುದೂ ಇಲ್ಲ.

ಹಿಂದಿನ ಪತ್ರದಲ್ಲಿ ನನ್ನನ್ನು 'ನೀನು' ಎಂದಿದ್ದೀಯ. ತಿದ್ದುವುದು ಬೇಡ.

ನಿನ್ನ
ಅಪ್ಪ

ಜುಲೈ ೨೮

ನನ್ನ ಬಂಗಾರಿಗೆ,

ಮೊದಲು ಬೈಯುತ್ತೇನೆ, ಆಮೇಲೆ ಮುದ್ದು. ನಿಮ್ಮಪ್ಪ ವೇದಿಕೆ ಹತ್ತುವವರೆಗೂ ನನಗೆ ಗೊತ್ತಿಲ್ಲ! "ಶೌಚಾಲಯಕ್ಕೆ ಹೋಗಿ ಬರ್ತೀನಿ" ಎಂದು ಎದ್ದು ಹೋದವನು ನೋಡುತ್ತೇನೆ, ದೀಪದ ಕೆಳಗೆ ನಿಂತಿದ್ದಾನೆ. ಮನೆಯಲ್ಲಿ ಇಷ್ಟು ದಿನ ಓದಿ ಓದಿ ಟಿಕ್ ಹಾಕಿದ್ದು ಇದಕ್ಕೋ? ಓದದೆ ಒತ್ತಿದ ನಾನು ಕೆಸರಿಗೆ ಬಿದ್ದೆ, ಓದಿ ಒತ್ತಿದವನು ಚಾಕುವಿನ ಮುಂದೆ ನಿಂತ. ಓದುವುದರಿಂದ ಆದ ಲಾಭವೇನು ಹೇಳು.

ನೀನು ಆ ಕಡೆ ಚಾಕು ಒರೆಸುತ್ತಾ ತಲೆ ತಗ್ಗಿಸಿ ನಿಂತಿದ್ದೆ, ನಿನಗೆ ಕಂಡಿತೋ ಇಲ್ಲವೋ, ನಾನು ಕಂಡದ್ದು ಬರೆಯುತ್ತೇನೆ. ಆ ದಪ್ಪ ಮೀಸೆಯ ಮಾಲೀಕ ಮೈಕಿನಲ್ಲಿ ಷರತ್ತು ಓದಿದ. ಜನ ನಿಮ್ಮಪ್ಪನ ಕಾಲನ್ನೇ ನೋಡುತ್ತಿದ್ದರು, ಈಗ ಓಡುತ್ತಾನೆ, ಆಗ ಓಡುತ್ತಾನೆ ಎಂದು. ಮಾಲೀಕ ಓದಿ ಮುಗಿಸಿದ. ನಿಮ್ಮಪ್ಪ ಕೈಯೆತ್ತಿ, "ಸ್ವಾಮಿ, ಕೊನೆಯದರ ಹಿಂದಿನದು ಬಿಟ್ಟುಬಿಟ್ರಿ. ಕನ್ನಡಕದ ವಿಷಯ" ಎಂದ. ಮಾಲೀಕ ತಬ್ಬಿಬ್ಬಾದ. ಕಾಗದ ನೋಡಿದರೆ ಹೌದು! ಕನ್ನಡಕ ತೆಗೆದಿಡತಕ್ಕದ್ದು ಎಂದಿದೆಯಂತೆ. ಜನ ಹೋ ಎಂದರು. ನಿಮ್ಮಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಅದೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಪುಣ್ಯಾತ್ಮ ಮನೆಯಿಂದಲೇ ತಂದಿದ್ದಾನೆ! ಹಲಗೆ ಅಲ್ಲಾಡಿಸಿದ, ಬೆರಳಿನಿಂದ ತಟ್ಟಿದ, ಕಣ್ಣು ಕಾಣದೆ ತಡವಿ ತಡವಿ ಕೆಳಗಿನ ತಿರುಪು ಬಿಗಿ ಮಾಡಿದ. ಇದೆಲ್ಲ ಆಟದ ಭಾಗವೇ ಎಂದು ತಿಳಿದು ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನ್ನ ಪಕ್ಕದ ಹೆಂಗಸು, "ಈ ಮುದುಕನನ್ನು ಎಲ್ಲಿಂದ ಹಿಡಿದು ತಂದ್ರೋ!" ಎಂದಳು. ನಮ್ಮ ಮನೆಯಿಂದಲೇ ಎನ್ನಬೇಕೆಂದುಕೊಂಡು ಅವಳ ಸೆರಗು ಹಿಡಿದುಕೊಂಡೆ.

ಆಮೇಲೆ ಅವನು ನಿಂತ. ನೀನು ಚಾಕು ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ನಗು ನಿಂತುಹೋಯಿತು. ನಾನು ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುತ್ತಿದ್ದೆ. ನಿನ್ನ ಕೈ ನಡುಗುತ್ತಿದೆ ಮಗಾ, ಕೊನೆಯ ಸಾಲಿಗೂ ಕಾಣುತ್ತಿತ್ತು. ಆಗ ಅವನು ಕೂಗಿದ. "ಬಿಡಮ್ಮಾ, ನಾನು ನಿಂತಿದ್ದೀನಿ!"

ನನ್ನ ತಮ್ಮನ ಬಾಯಲ್ಲಿ ಅಂಥ ದನಿ ನಾನು ಯಾವತ್ತೂ ಕೇಳಿರಲಿಲ್ಲ. ಆಮೇಲೆ ನೀನು ಎಸೆದೆಯಲ್ಲ, ಟಕ್, ಟಕ್, ಟಕ್ ಎಂದು, ನಾನು ಅತ್ತೆನೋ ನಕ್ಕೆನೋ ನನಗೇ ಗೊತ್ತಿಲ್ಲ. ಪಕ್ಕದ ಹೆಂಗಸಿನ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೇನೆ, ಅದು ಮಾತ್ರ ಗೊತ್ತು. ಚಾಕು ಮುಗಿದ ಮೇಲೆ ಅವನು ಈಚೆ ಬಂದನಲ್ಲ, ಹಲಗೆಯ ಮೇಲೆ ಚಾಕುಗಳ ನಡುವೆ ಅವನದೇ ಆಕಾರ ಉಳಿದಿತ್ತು, ಆ ಒಂದು ಕಿವಿ ಮುಂದಕ್ಕೆ ಬಂದಿರುವುದೂ ಸೇರಿ.

ನೀವಿಬ್ಬರೂ ವೇದಿಕೆಯ ಹಿಂದೆ ಏನು ಮಾತಾಡಿದಿರೋ ಅವನು ಬಾಯಿ ಬಿಡಲೊಲ್ಲ. ಮಾಲೀಕ ಅವನಿಗೆ ಕೆಲಸ ಕೊಡುತ್ತೇನೆಂದು ದುಂಬಾಲು ಬಿದ್ದದ್ದು ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದಾನೆ.

ಇನ್ನೊಂದು. ಸಾಮಾನಿನ ಕೋಣೆಯ ಬಾಗಿಲಿಗೆ ಮೆತ್ತಿದ್ದ ಪುಟ್ಟಿಯನ್ನೆಲ್ಲ ಕೆರೆದು ತೆಗೆದುಬಿಟ್ಟಿದ್ದಾನೆ. ಯಾಕೋ ಎಂದರೆ, "ಮರಕ್ಕೆ ಗಾಳಿ ಆಡಬೇಕು" ಎನ್ನುತ್ತಾನೆ. ನಿನ್ನ ತೂತುಗಳೆಲ್ಲ ಮತ್ತೆ ಬಂದಿವೆ.

ನಿನ್ನ
ಅತ್ತೆ

ಆಗಸ್ಟ್ ೨

ಚೂಟಿಗೆ,

ನನ್ನ ತಪಾಸಣಾ ವರದಿ ಈ ಕೆಳಗಿನಂತಿದೆ. ಹಳೆಯ ಅಭ್ಯಾಸ, ವರದಿ ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಹಲಗೆಯ ಎಡಗಾಲಿನ ತಿರುಪು ಸಡಿಲವಾಗಿತ್ತು, ಸರಿಪಡಿಸಲಾಗಿದೆ. ಮಾಲೀಕರು ಷರತ್ತನ್ನು ಮನೆಯಲ್ಲಿ ಒಮ್ಮೆ ಓದಿಕೊಂಡು ಬರುವುದು ಒಳ್ಳೆಯದು. ಎಸೆಯುವವರ ಕೈಯಲ್ಲಿ ಮೊದಲು ನಡುಕ ಕಂಡುಬಂತು, ಒಂದು ಚಾಕು ಬಿಟ್ಟ ಮೇಲೆ ಕಾಣಲಿಲ್ಲ. ತಪಾಸಕನ ಕಾಲಿನಲ್ಲಿ ಕೊನೆಯವರೆಗೂ ನಡುಕವಿತ್ತು. ಅದು ಯಂತ್ರದ ದೋಷವಲ್ಲ.

ಕನ್ನಡಕವಿಲ್ಲದೆ ಚಾಕು ಬರುವುದು ನನಗೆ ಕಾಣಲಿಲ್ಲ. ಕಂಡದ್ದು ಮಸುಕಾಗಿ ನೀನೊಬ್ಬಳೇ. ಕೋಣೆಯ ಬಾಗಿಲಿನ ಮುಂದೆ ನಾಲಗೆ ಕಚ್ಚಿಕೊಂಡು ನಿಲ್ಲುತ್ತಿದ್ದೆಯಲ್ಲ, ಹಾಗೇ ನಿಂತಿದ್ದೆ. ನನಗೆ ಹೆಮ್ಮೆಯಾಯಿತು. ಅಲ್ಲಿ ಹೇಳಲಾಗಲಿಲ್ಲ, ಮಾಲೀಕರು ನನ್ನ ಕೈ ಬಿಡಲಿಲ್ಲ.

ಜೊತೆಗೆ ಪ್ರಮಾಣಪತ್ರ ಇಟ್ಟಿದ್ದೇನೆ. ನಮ್ಮ ಇಲಾಖೆಯದೇ ಮಾದರಿ, 'ಲಿಫ್ಟ್' ಎಂಬಲ್ಲಿ ಹೊಡೆದು 'ಮಗಳು' ಎಂದು ಬರೆದಿದ್ದೇನೆ. ಬಳಕೆಗೆ ಯೋಗ್ಯ. ಅವಧಿ ಒಂದು ವರ್ಷ. ಪ್ರತಿವರ್ಷ ಮರುತಪಾಸಣೆ ಕಡ್ಡಾಯ, ತಪಾಸಕನು ಸ್ವತಃ ಹಲಗೆಯ ಮುಂದೆ ನಿಲ್ಲತಕ್ಕದ್ದು. ಕೊನೆಯಲ್ಲಿ 'ಅವಘಡವಾದರೆ ಹೊಣೆ ಯಾರು' ಎಂಬ ಸಾಲಿದೆ. ಲಿಫ್ಟಿನಲ್ಲಿ ಹೊಣೆ ಹತ್ತಿದವನದಲ್ಲ, ಯಂತ್ರದ್ದೂ ಅಲ್ಲ, ಸಹಿ ಹಾಕಿದವನದು. ಅವತ್ತು ಬಾಗಿಲಲ್ಲಿ ನಿಂತು ನಾನು ಕೇಳಿದ ಪ್ರಶ್ನೆಗೆ ಅದೇ ಉತ್ತರ. ಸಹಿ ಹಾಕಿದ್ದೇನೆ, ನೋಡು.

ಸಾರ್ವಜನಿಕರಿಗೆ ಕಾಣುವಂತೆ ತೂಗುಹಾಕತಕ್ಕದ್ದು.

ನಿನ್ನ
ಅಪ್ಪ

ಆಗಸ್ಟ್ ೧೦

ಅಪ್ಪಾ,

ಪ್ರಮಾಣಪತ್ರವನ್ನು ಹಲಗೆಯ ಮೇಲೆ ಹಾಕಿದ್ದೇನೆ. ಮೊಳೆ ಹೊಡೆಯಲಿಲ್ಲ, ದೂರ ನಿಂತು ಚಾಕು ಎಸೆದೆ. ಮೇಲಿನ ಅಂಚಿಗೆ ಸರಿಯಾಗಿ ಕೂತಿದೆ, ನಿನ್ನ ಸಹಿಗೆ ಏನೂ ಆಗಿಲ್ಲ. ಮೇಕೆಯನ್ನು ವಾಪಸ್ ಕಳಿಸಿದರು. ಮುಂದಿನ ಸೀಸನ್ನಿನ ಧೈರ್ಯದ ಟಿಕೆಟ್ಟುಗಳು ಆಗಲೇ ಖಾಲಿಯಾಗುತ್ತಿವೆ. ಸ್ಕ್ರೂಡ್ರೈವರಿನ ಮುದುಕ ಯಾವಾಗ ಬರುತ್ತಾನೆ ಎಂದು ಜನ ಕೇಳುತ್ತಾರಂತೆ.

ಟಿಕೆಟ್ ಕಂಪನಿಯ ಪಟ್ಟಿ ಮಾಲೀಕರ ಕೈಯಲ್ಲಿತ್ತು, ನಿನ್ನ ಸಾಲಿನ ಕೊನೆಗೆ "ಒಪ್ಪಿದ್ದೇನೆ" ಎಂದು ಅಚ್ಚಾಗಿತ್ತು. ಎಲ್ಲರ ಸಾಲಿನಲ್ಲೂ ಇರುತ್ತದೆ, ಗೊತ್ತು. ಆದರೂ ಆ ಒಂದು ಸಾಲು ಕತ್ತರಿಸಿ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಓದಿ ಒಪ್ಪಿದವನು ನೀನೊಬ್ಬನೇ ತಾನೆ?

ರಜೆ ಸಿಕ್ಕಿದೆ. ಮುಂದಿನ ವಾರ ಮನೆಗೆ ಬರುತ್ತಿದ್ದೇನೆ. ಬಾಗಿಲು ತೆಗೆಯುವ ಮುಂಚೆ ಷರತ್ತುಗಿರತ್ತು ಓದಿಸಬೇಡ. ಏನಿದ್ದರೂ ಒಪ್ಪಿದ್ದೇನೆ.

ನಿನ್ನ
ಚೂಟಿ